ರಾತ್ರಿ ಹೊತ್ತು ಗುಂಯ್‌ಗುಡುವ ಕಂಪ್ಯೂಟರ್: ನೀರು ಬೇಡ, ಗಾಳಿಯೇ ಸಾಕು

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ನಿವೃತ್ತ ಅಧ್ಯಾಪಕ. ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವ ಕೆಲಸ ಹಚ್ಚಿಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಜೋಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ5-12400 ಪ್ರೊಸೆಸರ್, ಅದರ ಪೆಟ್ಟಿಗೆಯಲ್ಲೇ ಬಂದ ಕೂಲರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್. ಶಾಲೆಯಲ್ಲಿದ್ದಾಗಿನ ಅಭ್ಯಾಸದಿಂದ ಲಿನಕ್ಸ್ ಬಳಸುತ್ತೇನೆ. ಮೊದಲು ಇಷ್ಟು ಸದ್ದಿರಲಿಲ್ಲ. ಈಗ ಬ್ರೌಸರ್ ತೆರೆದರೂ ಸಾಕು, ಗುಂಯ್ ಎಂದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಅರ್ಥಧಾರಿ ಸ್ವರ ತಗ್ಗಿಸಿ ಆಡಿದ ಮಾತು ಕಿವಿಗೆ ಬೀಳುವುದೇ ಇಲ್ಲ. ಅಂಗಡಿಯವರು ನೀರಿನ ಕೂಲರ್ ಹಾಕಿಸಿ ಎನ್ನುತ್ತಾರೆ. ಗಾಳಿಯಲ್ಲೇ ಸಾಧ್ಯವಿಲ್ಲವೇ?

ಉತ್ತರ: ಸಾಧ್ಯ. ನಿಮ್ಮ ಪ್ರೊಸೆಸರಿಗೆ ನೀರಿನ ಕೂಲರ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಅಷ್ಟಕ್ಕೂ ನೀರಿನ ಕೂಲರ್ ಬಿಸಿಯನ್ನು ನುಂಗಿಬಿಡುವುದಿಲ್ಲ. ಕೊಳವೆಯಲ್ಲಿ ಸಾಗಿಸಿ ರೇಡಿಯೇಟರಿಗೆ ತಲುಪಿಸುತ್ತದೆ, ಅಲ್ಲಿ ಅದನ್ನು ಗಾಳಿಗೆ ಬಿಡುವುದು ಮತ್ತೆ ಫ್ಯಾನುಗಳೇ. ಜೊತೆಗೆ ಹಗಲಿರುಳು ಓಡುವ ಒಂದು ಪಂಪು. ಫ್ಯಾನಿನ ಸದ್ದನ್ನು ಇಳಿಸಬಹುದು, ಪಂಪಿನ ಸಣ್ಣ ಕೊರೆತವನ್ನು ಇಳಿಸುವುದು ಕಷ್ಟ. ಇನ್ನೂರೈವತ್ತು ವಾಟ್ ಉಗುಳುವ ಪ್ರೊಸೆಸರ್ ಇದ್ದವರಿಗೆ ಅದರ ಮಾತು ಬೇರೆ. ನಿಮ್ಮದು ಸಾಧಾರಣ ಓಟದಲ್ಲಿ 65 ವಾಟ್, ಸ್ವಲ್ಪ ಹೊತ್ತಿನ ಜಿಗಿತಕ್ಕೆ ಹೆಚ್ಚೆಂದರೆ 117 ವಾಟ್‌ನದ್ದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಮಾತುಗಳ ಮೇಲೆ. ಒಂದು, “ಮೊದಲು ಇಷ್ಟು ಸದ್ದಿರಲಿಲ್ಲ”. ಅಂದರೆ ಯಂತ್ರದ ಜಾತಕದಲ್ಲಿ ದೋಷವಿಲ್ಲ. ನಡುವೆ ಏನೋ ಕೆಟ್ಟಿದೆ ಅಥವಾ ಕಟ್ಟಿಕೊಂಡಿದೆ. ಇನ್ನೊಂದು, “ಏರುತ್ತದೆ, ಇಳಿಯುತ್ತದೆ”. ನಿಮ್ಮನ್ನು ಕಾಡುತ್ತಿರುವುದು ಸದ್ದಿನ ಪ್ರಮಾಣಕ್ಕಿಂತ ಅದರ ಚಂಚಲತೆ. ಭಾಗವತರ ಹಿಂದೆ ಶ್ರುತಿ ರಾತ್ರಿಯಿಡೀ ಮೊರೆಯುತ್ತಿದ್ದರೂ ಹತ್ತು ನಿಮಿಷದ ಮೇಲೆ ಅದು ಇದೆಯೆಂಬುದೇ ನಮಗೆ ಮರೆತುಹೋಗುತ್ತದೆ. ಅದೇ ಶ್ರುತಿ ಅರ್ಧ ನಿಮಿಷಕ್ಕೊಮ್ಮೆ ಮನೆ ಬದಲಿಸಿದರೆ ಸಭೆಯೇ ಎದ್ದು ಹೋದೀತು. ಆದ್ದರಿಂದ ಫ್ಯಾನು ನಿಧಾನವಾಗಿ ತಿರುಗಬೇಕು, ಮತ್ತು ಒಂದೇ ವೇಗದಲ್ಲಿ ತಿರುಗಬೇಕು. ಎರಡನೆಯದು ಮೊದಲನೆಯದಕ್ಕಿಂತ ಅಗ್ಗ. ಒಂದು ಪೈಸೆಯೂ ಬೇಡ.

ಹಾಗೆ ನೋಡಿದರೆ ಕ್ಯಾಸೆಟ್ ಇಳಿಸುವುದು ಪ್ರೊಸೆಸರಿಗೆ ಕೆಲಸವೇ ಅಲ್ಲ. ಕ್ಯಾಸೆಟ್ ಒಂದೂವರೆ ಗಂಟೆ ಓಡುವುದಾದರೆ ಕಂಪ್ಯೂಟರ್ ಒಂದೂವರೆ ಗಂಟೆ ಅರೆನಿದ್ದೆಯಲ್ಲೇ ಬರೆದುಕೊಳ್ಳುತ್ತದೆ. ಆಗಲೂ ಫ್ಯಾನು ಕೂಗುತ್ತಿದ್ದರೆ ಅದಕ್ಕೆ ಕಾರಣ ಕೆಲಸದ ಭಾರವಲ್ಲ.

ಮೊದಲು ಕೂಗುತ್ತಿರುವುದು ಯಾರು ಎಂದು ಹಿಡಿಯಿರಿ. ದಿನಪತ್ರಿಕೆಯ ಎರಡು ಹಾಳೆಗಳನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ಟಿನ ಹಿಂಭಾಗ, ಮುಂಭಾಗ, ಪಕ್ಕದ ಜಾಲರಿ ಹೀಗೆ ಒಂದೊಂದೇ ಜಾಗಕ್ಕೆ. ವೈದ್ಯರ ಸ್ಟೆತಸ್ಕೋಪಿನ ಬಡ ಸಂಬಂಧಿ ಇದು, ಆದರೆ ನನಗೆ ಇಪ್ಪತ್ತು ವರ್ಷ ಅನ್ನ ಹಾಕಿದೆ. ಪಕ್ಕದ ಮುಚ್ಚಳ ತೆಗೆದು, ಕಂಪ್ಯೂಟರ್ ಸುಮ್ಮನಿರುವಾಗ, ಸಂಶಯವಿರುವ ಫ್ಯಾನಿನ ನಟ್ಟನಡುವಿನ ಗುಂಡು ಭಾಗವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಎರಡು-ಮೂರು ಸೆಕೆಂಡು ನಿಲ್ಲಿಸಿದರೆ ಸದ್ದು ಯಾರದ್ದೆಂದು ಕೂಡಲೇ ತಿಳಿಯುತ್ತದೆ. ರೆಕ್ಕೆಗೆ ಬೆರಳನ್ನಾಗಲಿ ಪೆನ್ನನ್ನಾಗಲಿ ಕೊಡಬೇಡಿ. ಎಸ್‌ಎಂಪಿಎಸ್ (ಕರೆಂಟನ್ನು ಕಂಪ್ಯೂಟರಿಗೆ ಹದಮಾಡಿ ಕೊಡುವ ಪೆಟ್ಟಿಗೆ) ಒಳಗಿನ ಫ್ಯಾನಿನ ತಂಟೆಗಂತೂ ಹೋಗಲೇಬೇಡಿ. ಒಮ್ಮೆ ನೀರ್ಚಾಲಿನ ಕಡೆಯ ಮನೆಯೊಂದಕ್ಕೆ ಇದೇ ದೂರಿಗೆಂದು ಹೋಗಿ, ಒಂದು ಗಂಟೆ ಕ್ಯಾಬಿನೆಟ್ ಬಿಚ್ಚಿ ಮುಚ್ಚಿ ಮಾಡಿದ ಮೇಲೆ ತಿಳಿದದ್ದು: ಸದ್ದು ಮೇಜಿನ ಕೆಳಗಿದ್ದ ಯುಪಿಎಸ್‌ನದ್ದು. ಕಂಪ್ಯೂಟರ್ ಪಾಪ, ಮೌನವಾಗಿಯೇ ಇತ್ತು. ಆ ದಿನ ನಾನು ಕೂಲಿ ಕೇಳಲಿಲ್ಲ.

ನಿಮ್ಮ ವಿವರಣೆ ನೋಡಿದರೆ ಆರೋಪಿ ಪ್ರೊಸೆಸರ್ ಮೇಲಿನ ಫ್ಯಾನೇ ಇರಬೇಕು. ಇಂಟೆಲ್ ಜೊತೆಯಲ್ಲಿ ಕೊಡುವ ಆ ಕೂಲರ್ ಒಂದು ಸಣ್ಣ ಅಲ್ಯೂಮಿನಿಯಂ ಬಿಲ್ಲೆ, ಬಿಸಿ ಹೀರಿಕೊಳ್ಳುವ ಹೀಟ್‌ಸಿಂಕ್. ಮೇಲೆ ಅಂಗೈಗಿಂತ ಚಿಕ್ಕ ಫ್ಯಾನು. ಚಿಕ್ಕದಾದ್ದರಿಂದ ಸಾಕಷ್ಟು ಗಾಳಿ ಕೊಡಲು ನಿಮಿಷಕ್ಕೆ ಸುಮಾರು ಮೂರು ಸಾವಿರ ಸುತ್ತಿನವರೆಗೂ ಓಡುತ್ತದೆ. ಮೂರು ವರ್ಷದಲ್ಲಿ ಅದಕ್ಕೆ ಏನೇನಾಗುತ್ತದೆ ಎಂಬುದನ್ನು ನಮ್ಮ ಊರಿನ ಮನೆಗಳನ್ನು ನೋಡಿದವರು ಊಹಿಸಬಲ್ಲರು. ಡಿಸೆಂಬರಿನಿಂದ ಅಂಗಳದಲ್ಲಿ ಒಣಗುವ ಅಡಿಕೆ, ಆಮೇಲೆ ಸುಲಿಯುವಾಗ ಹಾರುವ ನಾರು, ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು, ಬಚ್ಚಲೊಲೆಯ ಹೊಗೆ. ಬರೇ ಧೂಳಾದರೆ ಊದಿದರೆ ಹೋದೀತು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಈ ಧೂಳು ತೇವ ಕುಡಿದು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಫ್ಯಾನು ತೆಗೆದು ನೋಡಿದರೆ ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಸಂದೇ ಕಾಣದು. ರಬ್ಬರ್ ತೋಟದ ಬದಿಯ ಮನೆಗಳಲ್ಲಿ ಮೊದಲ ಮಳೆಗೆ ನುಗ್ಗುವ ಕರಿಹುಳುಗಳು ಇದರ ಜೊತೆಗೆ. ಮುಳ್ಳೇರಿಯದ ಕಡೆಯ ಒಂದು ಕ್ಯಾಬಿನೆಟ್ಟಿನಲ್ಲಿ ನನಗೆ ಹಲ್ಲಿಯ ಮೊಟ್ಟೆಯ ಓಡುಗಳೂ ಸಿಕ್ಕಿವೆ.

ಕರೆಂಟು ತೆಗೆದ ಮೇಲೆ ಧೂಳು ಬಿಡಿಸಲು ಬಣ್ಣ ಬಳಿಯುವ ಒಣ ಕುಂಚವೊಂದು ಸಾಕು. ಗಾಳಿ ಊದುವ ಬ್ಲೋವರ್ ಇದ್ದರೆ ಒಳ್ಳೆಯದು, ಆದರೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಅದು ಬುಗುರಿಯಂತೆ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡಿಸಿಕೊಳ್ಳುತ್ತದೆ. ಕೆಲಸವನ್ನು ಚಾವಡಿಯ ಹೊರಗೆ ಮಾಡಿ. ಮನೆಯವರ ಬೈಗುಳ ತಪ್ಪುತ್ತದೆ.

ಇಲ್ಲಿ ಇನ್ನೊಂದು ಗುಟ್ಟಿದೆ, ಧೂಳಿಗಿಂತಲೂ ಹೆಚ್ಚು ಬಾರಿ ನಾನು ಕಂಡದ್ದು. ಇಂಟೆಲ್‌ನ ಈ ಕೂಲರನ್ನು ಮದರ್‌ಬೋರ್ಡಿಗೆ, ಅಂದರೆ ಪ್ರೊಸೆಸರ್ ಕೂತ ಮೂಲ ಹಲಗೆಗೆ, ಹಿಡಿದಿಡುವುದು ನಾಲ್ಕು ಪ್ಲಾಸ್ಟಿಕ್ ಗೂಟಗಳು. ಸ್ಕ್ರೂ ಅಲ್ಲ, ‘ಟಕ್’ ಎಂದು ಒತ್ತಿ ಕೂರಿಸುವಂಥವು. ಪೇಟೆಯಿಂದ ಜೋಡಿಸಿದ ಕಂಪ್ಯೂಟರನ್ನು ನಮ್ಮ ರಸ್ತೆಯಲ್ಲಿ ಆಟೋದಲ್ಲಿ ತರುವಾಗಲೋ, ಒಮ್ಮೆ ಧೂಳು ಹೊಡೆಯಲು ತೆಗೆದವರು ಅರ್ಧ ಒತ್ತಿ ಬಿಟ್ಟಾಗಲೋ ಒಂದು ಗೂಟ ಎದ್ದಿರುತ್ತದೆ. ಮೂರು ಕಾಲಿನ ಮೇಲೆ ಓರೆಯಾಗಿ ಕುಳಿತ ಕೂಲರ್ ಪ್ರೊಸೆಸರಿಗೆ ಸರಿಯಾಗಿ ತಾಗುವುದಿಲ್ಲ, ಅದರ ಬಿಸಿ ಕೂಲರಿಗೆ ದಾಟುವುದಿಲ್ಲ, ಫ್ಯಾನು ಮಾತ್ರ ಗಂಟಲು ಹರಿದುಕೊಳ್ಳುತ್ತದೆ. ಕರೆಂಟು ತೆಗೆದು ನಾಲ್ಕು ಗೂಟಗಳನ್ನೂ ಮೆಲ್ಲನೆ ಮೇಲಕ್ಕೆ ಎಳೆದು ನೋಡಿ. ಯಾವುದಾದರೂ ಅಲುಗಿದರೆ ಕಳ್ಳ ಸಿಕ್ಕಿದ ಹಾಗೆ. ಒತ್ತಿ ಕೂರಿಸುವಾಗ ಒಂದರ ಎದುರು ಮೂಲೆಯ ಇನ್ನೊಂದನ್ನು, ಹೀಗೆ ಕರ್ಣದಂತೆ ಒತ್ತಬೇಕು. ಗೂಟದ ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿದರೆ ಅದು ಬಿಡಿಸುವ ದಾರಿ. ಕೂರಿಸುವಾಗ ಆ ಕಡೆ ತಿರುಗಿಸಬಾರದು.

ಕೂಲರ್ ಕಳಚಿದಿರಾದರೆ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಲೇಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಇಟ್ಟು ಕೂಲರನ್ನು ನೇರವಾಗಿ ಒತ್ತಿ. ದೋಸೆಗೆ ತುಪ್ಪ ಸವರಿದ ಹಾಗೆ ಧಾರಾಳತನ ಬೇಡ. ಲೋಹಕ್ಕೆ ಲೋಹ ತಾಗದ ಸೂಕ್ಷ್ಮ ಸಂದುಗಳನ್ನು ತುಂಬುವುದಷ್ಟೇ ಅದರ ಕೆಲಸ.

ಫ್ಯಾನು ಏರಿಳಿಯುವುದರ ಜೊತೆಗೆ ಕಿರ್‌ಕಿರ್ ಎನ್ನುತ್ತಿದ್ದರೆ ಅದು ಬೇರಿಂಗಿನ ದೂರು. ಅಗ್ಗದ ಫ್ಯಾನುಗಳಲ್ಲಿರುವ ಸ್ಲೀವ್ ಬೇರಿಂಗಿನ ಎಣ್ಣೆ ಆರಿಹೋಗಿರುತ್ತದೆ. ಅಂಟಿಸಿದ ಚೀಟಿ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ತಿಂಗಳು ಸುಮ್ಮನಾಗುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ. ಈ ಕಾಸರಗೋಡಿನಲ್ಲಿ ಎಲ್ಲ ರೋಗಕ್ಕೂ ತೆಂಗಿನೆಣ್ಣೆಯೇ ಮೊದಲ ಮದ್ದು. ನಾನೂ ಆರಂಭದ ದಿನಗಳಲ್ಲಿ ಹಾಕಿದವನೇ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ. ಡಿಸೆಂಬರಿನ ಒಂದು ಬೆಳಗ್ಗೆ ಆ ಫ್ಯಾನು ತಿರುಗಲೇ ಇಲ್ಲ. ಬೇರಿಂಗ್ ಹೋದ ಫ್ಯಾನನ್ನು ಬದಲಿಸುವುದೇ ಸರಿ, ಕೊಳ್ಳುವಾಗ ದ್ರವ ಬೇರಿಂಗಿನದ್ದನ್ನು ಕೇಳಿ.

ಇಷ್ಟಾದ ಮೇಲೆ ಉಷ್ಣಾಂಶ ನೋಡಿ. ಕೇರಳದ ಶಾಲೆಗಳಿಗೆ ಸರಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಡುವ ಲಿನಕ್ಸ್ ಉಬುಂಟುವಿನ ಬಳಗದ್ದೇ. ನಿಮ್ಮದೂ ಅದೇ ಆಗಿದ್ದರೆ ಎಲ್‌ಎಂ-ಸೆನ್ಸರ್ಸ್ (lm-sensors) ಎಂಬ ತಂತ್ರಾಂಶ ಹಾಕಿಕೊಂಡು, ಟರ್ಮಿನಲ್ಲಿನಲ್ಲಿ ‘ಸೆನ್ಸರ್ಸ್’ (sensors) ಆದೇಶ ಕೊಟ್ಟರೆ ಪ್ರೊಸೆಸರಿನ ಡಿಗ್ರಿ ಕಾಣುತ್ತದೆ. ಫ್ಯಾನಿನ ಸುತ್ತು ಅಲ್ಲಿ ಕಾಣದಿದ್ದರೆ ಬಯೋಸ್ ಪರದೆಯಲ್ಲಿ, ಅಂದರೆ ಲಿನಕ್ಸ್ ಏಳುವ ಮೊದಲು ತೆರೆಯಬಹುದಾದ ಮದರ್‌ಬೋರ್ಡಿನ ಹೊಂದಿಕೆಗಳ ಪುಟದಲ್ಲಿ, ಕಾಣುತ್ತದೆ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಹೇಳಿರುವ ಮೇಲಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ತಲುಪಿದರೆ ಅದು ಸುಟ್ಟುಹೋಗುವುದಿಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ 70, 75 ಎಂಬ ಅಂಕಿ ನೋಡಿ ಹೆದರುವ ಅಗತ್ಯವಿಲ್ಲ. ನಮ್ಮ ದೇಹದ 40 ಡಿಗ್ರಿ ಜ್ವರದ ಲೆಕ್ಕವನ್ನು ಸಿಲಿಕಾನಿಗೆ ಹಚ್ಚುವವರೇ ಕಂಪ್ಯೂಟರನ್ನು ಕೂಗಾಡುವಂತೆ ಮಾಡುವುದು. ಸದ್ದು ಇಳಿಸುವುದೆಂದರೆ ಕೆಲವು ಡಿಗ್ರಿಗಳನ್ನು ಬಿಟ್ಟುಕೊಟ್ಟು ಮೌನವನ್ನು ಕೊಳ್ಳುವ ವ್ಯಾಪಾರ, ಮತ್ತು ನಿಮ್ಮ ಕೈಯಲ್ಲಿ ಬಿಟ್ಟುಕೊಡಲು ಬೇಕಾದಷ್ಟು ಡಿಗ್ರಿಗಳಿವೆ.

ವಿದೇಶದ ವಿಮರ್ಶೆಗಳಲ್ಲಿ ಕಾಣುವ ಅಂಕಿಗಳನ್ನು ಇಲ್ಲಿಗೆ ನೇರವಾಗಿ ತರಬೇಡಿ. ಅವರು ಅಳೆಯುವುದು 21, 22 ಡಿಗ್ರಿಯ ಕೋಣೆಯಲ್ಲಿ. ಗಾಳಿಯ ಕೂಲರ್ ಎಷ್ಟೇ ಒಳ್ಳೆಯದಾಗಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಏಪ್ರಿಲಿನಲ್ಲಿ ನಿಮ್ಮ ಹಂಚಿನ ಮಾಡಿನ ಕೋಣೆ 32 ಡಿಗ್ರಿ ಇದ್ದರೆ ಅವರ ಅಂಕಿಗೆ ಹತ್ತು ಸೇರಿಸಿ ಓದಿಕೊಳ್ಳಿ.

ಇನ್ನು ಬಯೋಸ್. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಕುಳಿತಿದೆ ಎಂಬುದು ನನ್ನ ಗುಮಾನಿ. ಬ್ರೌಸರ್ ತೆರೆದ ಒಂದೇ ಸೆಕೆಂಡಿನಲ್ಲಿ ಪ್ರೊಸೆಸರಿನ ಒಳಗಿನ ಉಷ್ಣಾಂಶ ಹದಿನೈದು, ಇಪ್ಪತ್ತು ಡಿಗ್ರಿ ಜಿಗಿದು ಮತ್ತೆ ಇಳಿಯುವುದು ಸಹಜ. ಆ ಕ್ಷಣಕ್ಕೆ ಫ್ಯಾನು ಓಡಿ ಏನೂ ಪ್ರಯೋಜನವಿಲ್ಲ. ಹೀಟ್‌ಸಿಂಕಿನ ಲೋಹಕ್ಕೆ ಬಿಸಿ ಮುಟ್ಟಲೇ ಹೊತ್ತು ಬೇಕು. ಆದರೆ ಮದರ್‌ಬೋರ್ಡಿನ ಮೂಲ ಹೊಂದಿಕೆ ಗಾಬರಿಯ ಸ್ವಭಾವದ್ದು, ಪ್ರತಿ ಜಿಗಿತಕ್ಕೂ ಫ್ಯಾನನ್ನು ಎಬ್ಬಿಸುತ್ತದೆ. ಆಸುಸ್ ಬೋರ್ಡಾದರೆ ಕ್ಯೂ-ಫ್ಯಾನ್, ಗಿಗಾಬೈಟ್ ಆದರೆ ಸ್ಮಾರ್ಟ್ ಫ್ಯಾನ್ ಎಂಬ ಹೆಸರಿನಲ್ಲಿ ಒಂದು ನಕ್ಷೆ ಸಿಗುತ್ತದೆ: ಅಡ್ಡಕ್ಕೆ ಉಷ್ಣಾಂಶ, ಉದ್ದಕ್ಕೆ ಫ್ಯಾನಿನ ವೇಗ. ಅದರ ಗೆರೆಯನ್ನು ಮೆಟ್ಟಿಲಿನಂತೆ ಎಳೆಯಿರಿ. 60 ಡಿಗ್ರಿಯವರೆಗೆ ಗೆರೆ ಮಲಗಿರಲಿ, ಫ್ಯಾನು ತಿರುಗುತ್ತಿರಬಹುದಾದ ಅತಿ ಕಡಿಮೆ ವೇಗದಲ್ಲಿ. ಅಲ್ಲಿಂದ 75ರವರೆಗೆ ಮೆಲ್ಲನೆ ಅರ್ಧದ ವೇಗಕ್ಕೆ ಏರಲಿ. 85 ದಾಟಿದ ಮೇಲೆ ಪೂರ್ತಿ ಬಿಡಿ. ಅದರ ಪಕ್ಕದಲ್ಲೇ ಏರುವ ಮತ್ತು ಇಳಿಯುವ ವಿಳಂಬ ಹೇಳುವ ಅಂಕಣವಿರುತ್ತದೆ. ಏರಲು ಐದು ಸೆಕೆಂಡಾದರೂ ಕೊಡಿ, ಇಳಿಯಲು ಅದಕ್ಕಿಂತ ಹೆಚ್ಚು. ಇಷ್ಟಕ್ಕೇ ನಿಮ್ಮ ಗುಂಯ್‌ಗುಡುವಿಕೆಯ ಏರಿಳಿತ ಬಹುಪಾಲು ನಿಲ್ಲಬೇಕು.

ನಿಧಾನದ ಫಲ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ, ಅಧ್ಯಾಪಕರಾದ್ದರಿಂದ ನಿಮಗೆ ಇಷ್ಟವಾದೀತು. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಅದು ಸರಳ ಅನುಪಾತ. ಆದರೆ ಗಾಳಿ ಕಡೆಯುವ ಸದ್ದಿನ ಶಕ್ತಿ ವೇಗದ ಸುಮಾರು ಐದನೇ ಘಾತದಂತೆ ಬದಲಾಗುತ್ತದೆ. ಅರ್ಧ ವೇಗಕ್ಕೆ ಸುಮಾರು 15 ಡೆಸಿಬೆಲ್ ಇಳಿಕೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಶೇಕಡಾ 20ರಷ್ಟು ವೇಗ ತಗ್ಗಿಸಿದರೂ ಸುಮಾರು ಐದು ಡೆಸಿಬೆಲ್ ಲಾಭ, ನಷ್ಟ ಕೆಲವೇ ಡಿಗ್ರಿ. ಇನ್ನೊಂದು ಕಡೆಯಿಂದ ನೋಡಿ: ಒಂದೇ ಬಗೆಯ ಎರಡು ಫ್ಯಾನು ಸೇರಿದರೆ ಕಿವಿಗೆ ಸದ್ದು ದುಪ್ಪಟ್ಟಾಗಿ ಕೇಳುವುದಿಲ್ಲ, ಮೂರೇ ಡೆಸಿಬೆಲ್ ಏರುತ್ತದೆ. ಹಾಗಾಗಿ 1600 ಸುತ್ತಿನ ಒಂದು ಫ್ಯಾನಿನ ಬದಲು 800 ಸುತ್ತಿನ ಎರಡು ಇಟ್ಟರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ. ಫ್ಯಾನು ಹೆಚ್ಚಾದಷ್ಟು ಗಲಾಟೆ ಹೆಚ್ಚು ಎಂಬ ನಂಬಿಕೆ ಹೀಗೆ ಬಿದ್ದುಹೋಗುತ್ತದೆ.

ಬಿಸಿಯನ್ನೇ ಕಡಿಮೆ ಹುಟ್ಟಿಸುವ ದಾರಿಯೂ ಇದೆ. ಎಷ್ಟೋ ಮದರ್‌ಬೋರ್ಡುಗಳು ಇಂಟೆಲ್ ಹೇಳಿದ ವಿದ್ಯುತ್ ಮಿತಿಯನ್ನು ತಾವೇ ಸಡಿಲಿಸಿ ಇಟ್ಟಿರುತ್ತವೆ. ಬಯೋಸ್‌ನಲ್ಲಿ ಪಿಎಲ್1 (ಸಾಧಾರಣ ಓಟದ ಮಿತಿ), ಪಿಎಲ್2 (ಸ್ವಲ್ಪ ಹೊತ್ತಿನ ಜಿಗಿತದ ಮಿತಿ) ಎಂಬ ಎರಡು ಅಂಕಿಗಳಿದ್ದರೆ ಎರಡನ್ನೂ 65 ಮಾಡಿಬಿಡಿ. ಇಡೀ ರಾತ್ರಿಯ ಕೂಟದ ಧ್ವನಿಯನ್ನು ಶುದ್ಧೀಕರಿಸಿ ಎಂಪಿ3 ಮಾಡುವಾಗ ಒಂದಷ್ಟು ಸೆಕೆಂಡು ಹೆಚ್ಚಾಗಬಹುದು, ಉಳಿದಂತೆ ನಿಮಗೆ ವ್ಯತ್ಯಾಸವೇ ತಿಳಿಯದು.

ಇಲ್ಲಿಯವರೆಗೆ ಖರ್ಚು ಪೇಸ್ಟಿನದ್ದು ಮಾತ್ರ. ಇದರ ಮೇಲೂ ಸಾಲದು ಎನಿಸಿದರೆ ಆ ಬಿಲ್ಲೆ ಕೂಲರನ್ನು ಕಳಚಿ, 120 ಮಿಲಿಮೀಟರ್ ಫ್ಯಾನಿನ ಗೋಪುರ ಕೂಲರ್ ಒಂದನ್ನು ಹಾಕಿ. ಎರಡು-ಮೂರು ಸಾವಿರ ರೂಪಾಯಿಯೊಳಗಿನದ್ದು ನಿಮ್ಮ ಪ್ರೊಸೆಸರಿಗೆ ಧಾರಾಳ. ಡೀಪ್‌ಕೂಲ್ ಎಕೆ400 ನಾನು ಹಲವರಿಗೆ ಹಾಕಿಕೊಟ್ಟದ್ದು. ನಾಲ್ಕು ತಾಮ್ರದ ಕೊಳವೆ, ಒಂದು ಫ್ಯಾನು. ನಾಕ್ಟುವಾದಂಥ ಆಸ್ಟ್ರಿಯಾದ ಕಂಪನಿಯವು ಕುಶಲ ಕೆಲಸಗಾರಿಕೆಯವು, ನಿಜ, ಆದರೆ ಆ ದುಡ್ಡಿನಲ್ಲಿ ನಿಮ್ಮ ಕ್ಯಾಸೆಟ್ ಪ್ಲೇಯರಿನ ಹೆಡ್ ಬದಲಿಸಿದರೆ ತಾಳಮದ್ದಳೆಗೆ ಹೆಚ್ಚು ಉಪಕಾರವಾದೀತು.

ಆ ತಾಮ್ರದ ಕೊಳವೆಗಳು ಗಟ್ಟಿ ಸರಳುಗಳೆಂದು ತುಂಬಾ ಜನ ತಿಳಿದಿದ್ದಾರೆ. ಒಳಗೆ ಟೊಳ್ಳು. ಗಾಳಿ ತೆಗೆದು, ಒಂದಿಷ್ಟೇ ನೀರು ಬಿಟ್ಟು ಬೆಸೆದಿರುತ್ತಾರೆ. ಗಾಳಿಯ ಒತ್ತಡವಿಲ್ಲದ್ದರಿಂದ ನೀರು ನೂರು ಡಿಗ್ರಿಗೆ ಕಾಯದೆ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಅಟ್ಟಿನಳಗೆಯಲ್ಲಿ ಪುಂಡಿ ಬೇಯುವಾಗ ಹಬೆ ಮೇಲೇರಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗಿಳಿಯುವುದಿಲ್ಲವೇ, ಅದೇ ನಾಟಕ. ಪ್ರೊಸೆಸರಿನ ಬಳಿ ಆವಿ, ಮೇಲಿನ ಪಟ್ಟಿಗಳ ಬಳಿ ನೀರು, ಕೊಳವೆಯ ಒಳಮೈಯ ಬತ್ತಿಯಂಥ ಪದರದಲ್ಲಿ ಮರಳಿ ಕೆಳಕ್ಕೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಉದ್ದೇಶ ಬಾಹ್ಯಾಕಾಶದ್ದಾಗಿತ್ತು; ಈಗ ಬದಿಯಡ್ಕದ ಮೇಜಿನ ಕೆಳಗೆ ಬಂದಿದೆ. ನೀರಿನ ಕೂಲರ್ ಬೇಕೆಂದ ಅಂಗಡಿಯವರಿಗೆ ನೀವು ಬೇಕಾದರೆ ಹೇಳಬಹುದು, ಇದರಲ್ಲೂ ನೀರಿದೆ, ಪಂಪಿಲ್ಲ ಅಷ್ಟೇ.

ಕೊಳ್ಳುವ ಮೊದಲು ಒಂದು ಸ್ಕೇಲು ತೆಗೆದುಕೊಳ್ಳಿ. ಈ ಬಗೆಯ ಕೂಲರಿನ ಎತ್ತರ ಸುಮಾರು 155 ಮಿಲಿಮೀಟರ್. ಪ್ರೊಸೆಸರಿನ ಮೇಲ್ಮೈಯಿಂದ ಪಕ್ಕದ ಮುಚ್ಚಳದವರೆಗೆ ಅಷ್ಟು ಜಾಗವಿರಬೇಕು. ಅಗಲ 200 ಮಿಲಿಮೀಟರ್ ದಾಟಿದ ಕ್ಯಾಬಿನೆಟ್ಟುಗಳಲ್ಲಿ ಸಾಮಾನ್ಯವಾಗಿ ಹಿಡಿಸುತ್ತದೆ. ಹಳೆಯ ಕಿರಿದಾದ ಡಬ್ಬಿಗಳಲ್ಲಿ ಮುಚ್ಚಳವೇ ಮುಚ್ಚದು. ಎಲ್‌ಜಿಎ1700 ಸಾಕೆಟ್ಟಿಗೆ (ನಿಮ್ಮ ಪ್ರೊಸೆಸರ್ ಕೂರುವ ಜಾಗ) ಬೇಕಾದ ಹಿಡಿಕೆ ಪೆಟ್ಟಿಗೆಯಲ್ಲಿದೆಯೇ ಎಂದೂ ಕೇಳಿ. ಕೂರಿಸುವಾಗ ಫ್ಯಾನು ಮುಂದಿನಿಂದ ಹಿಂದಕ್ಕೆ ಊದುವಂತಿರಲಿ, ಕ್ಯಾಬಿನೆಟ್ಟಿನ ಹಿಂಬದಿಯ ಜಾಲರಿಯತ್ತ.

ಕ್ಯಾಬಿನೆಟ್ ಫ್ಯಾನುಗಳ ಬಗ್ಗೆ ನೀವು ಬರೆದಿಲ್ಲ. ಬಣ್ಣದ ದೀಪ ಹೊಳೆಯುವವು ಇದ್ದರೆ ಅವುಗಳ ತಂತಿ ಎಲ್ಲಿಗೆ ಹೋಗಿದೆ ನೋಡಿ. ಎಸ್‌ಎಂಪಿಎಸ್‌ನಿಂದ ಬರುವ ದಪ್ಪ ನಾಲ್ಕು ತಂತಿಯ ಕೊಂಡಿಗೆ ನೇರವಾಗಿ ಸಿಕ್ಕಿಸಿದ್ದರೆ ಅವು ಸದಾ 12 ವೋಲ್ಟಿನಲ್ಲಿ, ಪೂರ್ತಿ ವೇಗದಲ್ಲಿ ತಿರುಗುತ್ತವೆ. ಮದರ್‌ಬೋರ್ಡಿನ ಫ್ಯಾನ್ ಮೊಳೆಗಳಿಗೆ ಬದಲಾಯಿಸಿದರೆ ಹಿಡಿತಕ್ಕೆ ಬರುತ್ತವೆ. ಅಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ: ಮೂರು ತೂತಿನ ಫ್ಯಾನನ್ನು ನಾಲ್ಕು ಮೊಳೆಯ ಜಾಗಕ್ಕೆ ಹಾಕಿ ಬಯೋಸ್‌ನಲ್ಲಿ ಪಿಡಬ್ಲ್ಯುಎಂ (ನಾಲ್ಕನೆಯ ತಂತಿಯ ಸಂಕೇತದಿಂದ ವೇಗ ಹಿಡಿಯುವ ಬಗೆ) ಎಂದೇ ಬಿಟ್ಟರೆ ಅದು ಮತ್ತೆ ಪೂರ್ತಿ ವೇಗದಲ್ಲೇ ಓಡುತ್ತದೆ. ವೋಲ್ಟ್ ಇಳಿಸಿ ವೇಗ ಇಳಿಸುವ ಡಿಸಿ ಬಗೆಗೆ ಬದಲಿಸಬೇಕು. ಮುಂದೆ ಒಂದು ಒಳಸೇದುವ ಫ್ಯಾನು, ಹಿಂದೆ ಒಂದು ಹೊರಹಾಕುವ ಫ್ಯಾನು, ನಿಮಗೆ ಅಷ್ಟು ಸಾಕು. ಮುಂಭಾಗ ಗಾಜಿನಿಂದ ಪೂರ್ತಿ ಮುಚ್ಚಿದ ಚಂದದ ಕ್ಯಾಬಿನೆಟ್ಟಾದರೆ ಫ್ಯಾನು ಮೂಗು ಮುಚ್ಚಿಕೊಂಡು ಉಸಿರೆಳೆದ ಹಾಗೆ. ಅದರ ಮುಂದಿನ ಹಲಗೆಯನ್ನು ಕಳಚಿ ಸೊಳ್ಳೆಪರದೆಯ ತುಂಡು ಕಟ್ಟಿದರೆ ಧೂಳೂ ನಿಲ್ಲುತ್ತದೆ, ಗಾಳಿಯೂ ಬರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಪರದೆಯನ್ನು ತಿಂಗಳಿಗೊಮ್ಮೆ ಕೊಡವಬೇಕು.

ಎರಡು ಫ್ಯಾನು ಹಾಕಿದಾಗ ಒಂದು ವಿಚಿತ್ರ ಕೇಳಬಹುದು: ವುವ್ವ್‌, ವುವ್ವ್‌ ಎಂದು ಅಲೆಯಂತೆ ಏರಿಳಿಯುವ ಮೊರೆತ. ಕೆಟ್ಟದ್ದೇನೂ ಆಗಿಲ್ಲ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20 ಸುತ್ತು, 140 ರೆಕ್ಕೆ. ಅದೇ ಅದರ ಸ್ವರ, 140 ಹರ್ಟ್ಜ್. ಪಕ್ಕದ್ದು 1230 ಸುತ್ತಿನಲ್ಲಿದ್ದರೆ ಅದರದ್ದು 143.5. ಎರಡು ಶ್ರುತಿಪೆಟ್ಟಿಗೆಗಳು ಕೂದಲೆಳೆಯಷ್ಟು ಹೊಂದದೆ ಇದ್ದಾಗ ಏಳುವ ಅದೇ ಅಲೆ, ಸೆಕೆಂಡಿಗೆ ಮೂರೂವರೆ ಬಾರಿ. ಎರಡನ್ನೂ ಒಂದೇ ವೇಗಕ್ಕೆ ತರಲು ಒದ್ದಾಡುವ ಬದಲು ದೂರ ಮಾಡಿ, ಒಂದು 900, ಇನ್ನೊಂದು 1100. ಸಂಗೀತದಲ್ಲಿ ತಪ್ಪು, ಇಲ್ಲಿ ಸರಿ.

ಹಾರ್ಡ್ ಡಿಸ್ಕಿನದ್ದು ಬೇರೆಯೇ ಸದ್ದು. 7200 ಸುತ್ತಿನ ಡಿಸ್ಕು 120 ಹರ್ಟ್ಜಿನಲ್ಲಿ ಕ್ಯಾಬಿನೆಟ್ಟನ್ನು ಮೀಟುತ್ತಿರುತ್ತದೆ. ತಗಡು ಮೇಜಿಗೆ ಕೊಡುತ್ತದೆ, ತೆಳು ಪ್ಲೈವುಡ್ಡಿನ ಮೇಜು ಮದ್ದಳೆಯ ಮುಚ್ಚಿಗೆಯಂತೆ ಅದನ್ನು ಹಿಗ್ಗಿಸುತ್ತದೆ. ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ಒತ್ತಿದಾಗ ಮೊರೆತ ತಗ್ಗಿದರೆ ಇದೇ ಕಾರಣ. ಡಿಸ್ಕಿನ ಸ್ಕ್ರೂಗಳಿಗೆ ರಬ್ಬರ್ ಬಿಲ್ಲೆ, ಕ್ಯಾಬಿನೆಟ್ಟಿನ ಕಾಲಡಿಗೆ ದಪ್ಪ ಫೋಮು. ಅದಕ್ಕಿಂತ ಒಳ್ಳೆಯದು, ದಿನದ ಕೆಲಸವನ್ನು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಮಾಡಿ, ಮುಗಿದ ಕೂಟಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ತುಂಬಿ ತೆಗೆದಿಡಿ. ಒಂದಲ್ಲ, ಎರಡು ಪ್ರತಿ; ಇದು ಸದ್ದಿನ ಮಾತಲ್ಲ, ಆದರೆ ಹೇಳದೆ ಇರಲಾರೆ.

ಎಸ್‌ಎಂಪಿಎಸ್ ಕೂಗುತ್ತಿದ್ದರೆ ಬದಲಿಸಿ, ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟ್ ಉಳಿದಿರಬಹುದು. ಸೊಳ್ಳೆಯ ದನಿಯಂಥ ಕೀಂಯ್ ಬಂದರೆ ಅದು ಫ್ಯಾನಲ್ಲ, ಸುರುಳಿಗಳ ಕಂಪನ. ಎಣ್ಣೆಯೂ ಪೇಸ್ಟೂ ಅದಕ್ಕೆ ನಾಟುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಸದ್ದು ಹೆಚ್ಚಾಗುತ್ತದೆಯೇ ಎಂದು ಗಮನಿಸಿ. ಶುದ್ಧ ಸೈನ್ ಅಲೆ ಕೊಡದ ಇನ್ವರ್ಟರಿನಲ್ಲಿ ಸೀಲಿಂಗ್ ಫ್ಯಾನು ಗೊಣಗುವ ಹಾಗೆ ಎಸ್‌ಎಂಪಿಎಸ್ ಕೂಡ ಗೊಣಗಬಹುದು.

ಕಂಪ್ಯೂಟರ್ ಮೇಜುಗಳಲ್ಲಿ ಕ್ಯಾಬಿನೆಟ್ಟಿಗೆಂದೇ ಒಂದು ಗೂಡಿರುತ್ತದಲ್ಲ, ಬಾಗಿಲಿನ ಸಮೇತ? ಅದನ್ನು ವಿನ್ಯಾಸ ಮಾಡಿದವರು ಕಂಪ್ಯೂಟರ್ ನೋಡಿರಲಿಕ್ಕಿಲ್ಲ. ಒಳಗೆ ಉಗುಳಿದ ಬಿಸಿಯನ್ನೇ ಫ್ಯಾನು ಮತ್ತೆ ನುಂಗುತ್ತದೆ. ಗೂಡಿನಿಂದ ಹೊರತೆಗೆದು, ನೆಲದಿಂದ ಒಂದು ಗೇಣು ಎತ್ತರದ ಮಣೆಯ ಮೇಲೆ, ಗೋಡೆಯಿಂದ ಮೊಳ ದೂರ, ನಿಮ್ಮ ಕಿವಿಗೆ ಆದಷ್ಟು ದೂರದ ಬದಿಯಲ್ಲಿ ಇಡಿ.

ಎಷ್ಟು ಇಳಿಸಿದರೆ ಸಾಕು ಎಂದು ಕೇಳುವಿರಿ. ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುವಾಗ, ಹೊರಗೆ ಜೂನಿನ ಕಪ್ಪೆಗಳ ಮೇಳ ನಡೆದಿರುವಾಗ ಕಂಪ್ಯೂಟರಿನ ಕೊನೆಯ ಡೆಸಿಬೆಲ್ಲನ್ನು ಬೆನ್ನಟ್ಟುವುದು ವ್ಯರ್ಥ. ಸೀಲಿಂಗ್ ಫ್ಯಾನಿನ ಎರಡನೇ ಅಂಕಿಯಲ್ಲಿ ಕಂಪ್ಯೂಟರಿನ ಸದ್ದು ಕೇಳದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೊಬೈಲಿನ ಡೆಸಿಬೆಲ್ ಆ್ಯಪುಗಳು ಇಷ್ಟು ಸಣ್ಣ ಸದ್ದನ್ನು ಸರಿಯಾಗಿ ಅಳೆಯಲಾರವು. ಒಂದೇ ಜಾಗದಲ್ಲಿಟ್ಟು ಮೊದಲು ಮತ್ತು ಆಮೇಲೆ ಎಂದು ಹೋಲಿಸಲು ಮಾತ್ರ ಬಳಸಿ.

ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಒಂದು ಮಾತು. ಕ್ಯಾಸೆಟ್ಟಿನಿಂದ ತಂತಿಯ ಮೂಲಕ ಇಳಿಸುವಾಗ ಫ್ಯಾನಿನ ಸದ್ದು ಧ್ವನಿಮುದ್ರಣದೊಳಕ್ಕೆ ಹೋಗುವುದಿಲ್ಲ. ಕೆಡುವುದು ನಿಮ್ಮ ತೀರ್ಮಾನ. ಫ್ಯಾನಿನ ಗಾಳಿಸದ್ದೂ ಟೇಪಿನ ಹಿಸ್ಸೆಂಬ ಸದ್ದೂ ಒಂದೇ ಜಾತಿಯವು. ಕೋಣೆಯಲ್ಲಿರುವುದನ್ನು ಟೇಪಿನಲ್ಲಿದೆಯೆಂದು ತಿಳಿದು ಶುದ್ಧೀಕರಣದ ಗುಂಡಿಯನ್ನು ಹೆಚ್ಚು ತಿರುಗಿಸಿಬಿಡುತ್ತೀರಿ, ಆಗ ಅರ್ಥಧಾರಿಯ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಈಗಾಗಲೇ ಶುದ್ಧ ಮಾಡಿಟ್ಟ ಕಡತಗಳನ್ನು ಕಂಪ್ಯೂಟರ್ ತೆಪ್ಪಗಾದ ಮೇಲೆ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡಿ, ಮತ್ತು ಶುದ್ಧ ಮಾಡದ ಮೂಲ ಪ್ರತಿಗಳನ್ನು ಅಳಿಸಬೇಡಿ.

ಈ ವಾರ ಗೂಟ, ಧೂಳು, ಬಯೋಸ್ ಈ ಮೂರನ್ನು ಮುಗಿಸಿ. ಆಮೇಲೆ ಹತ್ತು ನಿಮಿಷದ ಶುದ್ಧೀಕರಣಕ್ಕೆ ಹಚ್ಚಿ, ಪ್ರೊಸೆಸರ್ ಎಷ್ಟು ಡಿಗ್ರಿಗೆ ನಿಂತಿತು, ಫ್ಯಾನು ಎಷ್ಟು ಸುತ್ತಿನಲ್ಲಿತ್ತು ಎಂದು ಬರೆದುಕೊಳ್ಳಿ. ಡಿಗ್ರಿ 85 ದಾಟಿದರೆ ಅಥವಾ ಸುತ್ತು ಎರಡು ಸಾವಿರಕ್ಕಿಂತ ಕೆಳಗಿಳಿಯದಿದ್ದರೆ, ಆ ಎರಡು ಅಂಕಿಗಳ ಜೊತೆಗೆ ಕ್ಯಾಬಿನೆಟ್ಟಿನ ಅಗಲವನ್ನೂ ಅಳೆದು ನನಗೆ ಬರೆಯಿರಿ; ಅದಕ್ಕೆ ಯಾವ ಗೋಪುರ ಹಿಡಿಸುತ್ತದೆಂದು ಹೇಳುತ್ತೇನೆ.